ಪ್ರೆಸ್ ಬಾಕ್ಸ್ ಅದೇ, ಕೊರಳಿನ ಕಾರ್ಡು ಬೇರೆ

2008ರ ಆಗಸ್ಟ್ 16, ಶನಿವಾರ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಾತ್ರಿ ಹತ್ತೂವರೆ. ಉಸೇನ್ ಬೋಲ್ಟ್ ಗೆರೆ ದಾಟುವ ಮೊದಲೇ ಕೈ ಚಾಚಿ, ಎದೆ ತಟ್ಟಿಕೊಂಡು, ನೂರು ಮೀಟರನ್ನು 9.69 ಸೆಕೆಂಡಿಗೆ ಮುಗಿಸಿದರು. ಆಗ ಶಿಕಾಗೊದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಆ ದಿನದ ಪತ್ರಿಕೆ ಮನೆ ಬಾಗಿಲಿಗೆ ಬಿದ್ದು, ಓದಿ ಮಡಿಸಿಯೂ ಆಗಿತ್ತು. ಬೀಜಿಂಗ್‌ನ ಪ್ರೆಸ್ ಬಾಕ್ಸ್‌ನಲ್ಲಿ ಕೂತ ಶಿಕಾಗೊ ಪತ್ರಿಕೆಯವನು ಎಷ್ಟೇ ಚೆನ್ನಾಗಿ ಬರೆದರೂ ಅದು ಕಾಗದದ ಮೇಲೆ ಬರುವುದು ಭಾನುವಾರ ಬೆಳಿಗ್ಗೆಯೇ, ಹತ್ತಿರ ಹತ್ತಿರ ಇಪ್ಪತ್ತು ಗಂಟೆ ತಡವಾಗಿ. ಪಕ್ಕದ ಕುರ್ಚಿಯ ವೆಬ್‌ಸೈಟಿನವನ ಬರಹ ಬೋಲ್ಟ್ ಮೈದಾನದ ಸುತ್ತು ಮುಗಿಸುವ ಹೊತ್ತಿಗೆ ಓದುಗರ ಮುಂದಿರುತ್ತಿತ್ತು.

ಆ ಒಲಿಂಪಿಕ್ಸ್ ವರದಿ ಮಾಡಲು ಹೋಗಿದ್ದ ಶಿಕಾಗೊದ ಅಂಕಣಕಾರರಲ್ಲಿ ಒಬ್ಬರು ಜೇ ಮಾರಿಯಾಟಿ. 'ಶಿಕಾಗೊ ಸನ್-ಟೈಮ್ಸ್'ನಲ್ಲಿ ಹದಿನೇಳು ವರ್ಷ ಬರೆದವರು. ಕೆಲವೇ ತಿಂಗಳ ಹಿಂದೆ ಮೂರು ವರ್ಷದ ಹೊಸ ಕರಾರಿಗೆ ಸಹಿ ಹಾಕಿದ್ದರು. ಬೀಜಿಂಗ್‌ನಿಂದ ವಾಪಸಾದವರೇ ರಾಜೀನಾಮೆ ಕೊಟ್ಟರು. ಬರೀ ಕೊಟ್ಟಿದ್ದರೆ ಊರು ಎರಡು ದಿನ ಮಾತಾಡಿ ಸುಮ್ಮನಾಗುತ್ತಿತ್ತು. ಎದುರಾಳಿ ಪತ್ರಿಕೆ 'ಟ್ರಿಬ್ಯೂನ್'ಗೆ ಮಾತಾಡುತ್ತಾ, ಪತ್ರಿಕೆಗಳ ಕಥೆ ಮುಗಿಯಿತು, ಕ್ರೀಡಾ ಬರವಣಿಗೆ ಇನ್ನು ವೆಬ್‌ಸೈಟುಗಳದ್ದು, ಈ ಊರಿನ ಎರಡೂ ಪತ್ರಿಕೆ ಉಳಿಯುತ್ತವೆ ಅನ್ನಿಸುವುದಿಲ್ಲ ಎಂಬರ್ಥದ ಮಾತುಗಳನ್ನೂ ಆಡಿದರು. ಉಂಡ ಮನೆಯ ಜಂತಿ ಎಣಿಸುವುದು ಅನ್ನುತ್ತೇವಲ್ಲ, ಇವರು ಜಂತಿಗೆ ಗೆದ್ದಲು ಹಿಡಿದಿದೆ ಎಂದು ಪಕ್ಕದ ಮನೆಯಲ್ಲಿ ಹೇಳಿ ಬಂದರು.

ಉತ್ತರ ಬಂದದ್ದು ಕ್ರೀಡಾ ವಿಭಾಗದಿಂದ ಅಲ್ಲ, ಸಿನಿಮಾ ಪುಟದಿಂದ. 1967ರಿಂದ ಅದೇ ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದ, ಪುಲಿಟ್ಜರ್ ಪಡೆದ ರೋಜರ್ ಈಬರ್ಟ್ ಮಾರಿಯಾಟಿಗೆ ಬಹಿರಂಗ ಪತ್ರ ಬರೆದು, ಅವರನ್ನು ಇಲಿ ಎಂದು ಕರೆದರು. ಮುಳುಗುವ ಹಡಗಿನಿಂದ ಮೊದಲು ಹಾರುವುದು ಇಲಿಗಳಲ್ಲವೇ. ಸಂಪಾದಕ ಮೈಕೆಲ್ ಕುಕ್ ಇನ್ನೂ ತಣ್ಣಗೆ ಚುಚ್ಚಿದರು: ಅವರ ಕೊರತೆ ನಮ್ಮನ್ನು ಕಾಡುತ್ತದೆ, ವೈಯಕ್ತಿಕವಾಗಿ ಅಲ್ಲ, ಇಲ್ಲಿದ್ದವರು ಈಗಿಲ್ಲವಲ್ಲ ಎಂದು ಒಂದೆರಡು ದಿನ ಗಮನಕ್ಕೆ ಬರುವ ಮಟ್ಟಿಗೆ ಎಂಬರ್ಥದಲ್ಲಿ. ಬಿಟ್ಟು ಹೋದವನನ್ನು ಹೀಗೆ ಬೀಳ್ಕೊಡಬೇಕಾದರೆ ಎಷ್ಟು ವರ್ಷದ ಹೊಟ್ಟೆಯುರಿ ಒಳಗಿದ್ದಿರಬೇಕು. ಮಾರಿಯಾಟಿ ಸಹೋದ್ಯೋಗಿಗಳ ಮೆಚ್ಚಿನವರೇನೂ ಆಗಿರಲಿಲ್ಲ. ಬೈದು ಬರೆಯುವುದೇ ಅವರ ಕಸುಬು, ಆದರೆ ಬೈಸಿಕೊಂಡ ತಂಡದ ಡ್ರೆಸಿಂಗ್ ರೂಮಿಗೆ ಮರುದಿನ ಹೋಗಿ ಮುಖ ತೋರಿಸುವುದಿಲ್ಲ ಎಂಬ ದೂರು ಅವರ ಮೇಲಿತ್ತು.

ಹಾಗೆಂದು ಮಾರಿಯಾಟಿ ಕಂಡದ್ದು ಸುಳ್ಳಲ್ಲ. ಆ ವರ್ಷ ಡಿಸೆಂಬರ್ 8ಕ್ಕೆ ಟ್ರಿಬ್ಯೂನ್ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಮಾರ್ಚ್ 31ಕ್ಕೆ ಸನ್-ಟೈಮ್ಸ್ ಸಮೂಹವೂ ಹಾಕಿತು. ನಡುವೆ ಫೆಬ್ರವರಿ 27ರಂದು ಡೆನ್ವರ್‌ನ 'ರಾಕಿ ಮೌಂಟನ್ ನ್ಯೂಸ್' ಕೊನೆಯ ಸಂಚಿಕೆ ಅಚ್ಚು ಮಾಡಿ ಬಾಗಿಲು ಹಾಕಿತು. ಇನ್ನು 55 ದಿನ ಇದ್ದಿದ್ದರೆ ಆ ಪತ್ರಿಕೆಗೆ 150 ವರ್ಷ ತುಂಬುತ್ತಿತ್ತು. ಇದೆಲ್ಲ ಕ್ರೀಡಾ ಪುಟದ ತಪ್ಪಿನಿಂದ ಆದದ್ದಲ್ಲ. ಅಮೆರಿಕದ ಪತ್ರಿಕೆಗಳ ಹೊಟ್ಟೆ ತುಂಬಿಸುತ್ತಿದ್ದದ್ದು ಹಿಂದಿನ ಪುಟಗಳ ಸಣ್ಣ ಜಾಹೀರಾತು: ಬಾಡಿಗೆ ಮನೆ, ಹಳೆ ಕಾರು, ಕೆಲಸ ಖಾಲಿ ಇದೆ. 2000ದಲ್ಲಿ ಅದರಿಂದ ಬರುತ್ತಿದ್ದ ಆದಾಯ ಸುಮಾರು 1,960 ಕೋಟಿ ಡಾಲರ್. 2009ಕ್ಕೆ ಅದು ಸುಮಾರು 600 ಕೋಟಿಗೆ ಇಳಿದಿತ್ತು. ಕ್ರೇಗ್ಸ್‌ಲಿಸ್ಟ್‌ನಂಥ ತಾಣಗಳು ಹಳೆ ಸೋಫಾದ ಜಾಹೀರಾತನ್ನು ಪುಕ್ಕಟೆ ಹಾಕತೊಡಗಿದ ಮೇಲೆ, ಒಲಿಂಪಿಕ್ಸ್‌ಗೆ ವರದಿಗಾರನನ್ನು ಕಳಿಸುವ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ಪತ್ರಿಕೆಯವರಿಗೇ ಮೊದಲ ಬಾರಿ ಸರಿಯಾಗಿ ಗೊತ್ತಾಯಿತು.

ಈ ಕಥೆಯನ್ನು ಇನ್ನೂ ಹಿಂದಿನಿಂದ ಹೇಳಬೇಕು. ವೆಬ್‌ಸೈಟುಗಳು ಕರೆಯುವ ಮೊದಲೇ ಟಿವಿ ಕರೆದಿತ್ತು. ಇಎಸ್‌ಪಿಎನ್ ವಾಹಿನಿ 2002ರ ನವೆಂಬರ್‌ನಲ್ಲಿ 'ಅರೌಂಡ್ ದ ಹಾರ್ನ್' ಎಂಬ ಸಂಜೆಯ ಕಾರ್ಯಕ್ರಮ ಶುರು ಮಾಡಿತು. ಒಂದೊಂದು ಊರಿನ ಪತ್ರಿಕಾ ಅಂಕಣಕಾರ ತನ್ನ ಊರಲ್ಲೇ ಕ್ಯಾಮರಾ ಮುಂದೆ ಕೂತು ಉಳಿದ ಮೂವರ ಜೊತೆ ಜಗಳವಾಡುವುದು, ನಿರೂಪಕ ವಾದಕ್ಕೆ ಅಂಕ ಕೊಡುವುದು, ಇಷ್ಟೇ ಅದರ ಹೂರಣ. ಡೆನ್ವರ್‌ನಿಂದ ವುಡಿ ಪೇಜ್, ಲಾಸ್ ಏಂಜಲೀಸ್‌ನಿಂದ ಬಿಲ್ ಪ್ಲಾಷ್ಕಿ, ಡಲ್ಲಾಸ್‌ನಿಂದ ಟಿಮ್ ಕೌಲಿಷಾ, ಶಿಕಾಗೊದಿಂದ ಮಾರಿಯಾಟಿ. ಅಲ್ಲಿಯವರೆಗೆ ಊರೊಳಗೆ ಮಾತ್ರ ಹೆಸರಿದ್ದವರನ್ನು ವಿಮಾನ ನಿಲ್ದಾಣದಲ್ಲಿ ಜನ ಗುರುತು ಹಿಡಿಯತೊಡಗಿದರು. ಪತ್ರಿಕೆಗೂ ಖುಷಿಯೇ, ಪರದೆಯ ಮೇಲೆ ತನ್ನ ಹೆಸರು ಪುಕ್ಕಟೆ ಬರುತ್ತದಲ್ಲ. ಬರೆಯುವವನ ಹೆಸರು ಪತ್ರಿಕೆಯ ಹೆಸರಿಗಿಂತ ದೊಡ್ಡದಾಗುತ್ತಿದೆ ಎಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ.

ವೆಬ್‌ನ ಬಾಗಿಲು ತೆರೆದದ್ದು 1995ರ ಏಪ್ರಿಲ್‌ನಲ್ಲಿ. ಮೈಕ್ರೋಸಾಫ್ಟ್‌ನ ಸಹಸಂಸ್ಥಾಪಕ ಪಾಲ್ ಅಲೆನ್ ಅವರ ಸ್ಟಾರ್‌ವೇವ್ ಕಂಪನಿ ಇಎಸ್‌ಪಿಎನ್ ಜೊತೆ ಸೇರಿ 'ಸ್ಪೋರ್ಟ್ಸ್‌ಜೋನ್' ತಾಣ ತೆರೆಯಿತು. ಮೊದಮೊದಲು ಅಲ್ಲಿ ಬೇಕಾಗಿದ್ದದ್ದು ಸ್ಕೋರು, ಅಂಕಿಅಂಶ. ಬರೆಯುವವರು ಆಮೇಲೆ ಬೇಕಾದರು. 2000ದಲ್ಲಿ 'ಫಿಲಡೆಲ್ಫಿಯಾ ಇನ್‌ಕ್ವೈರರ್'ನಲ್ಲಿ 21 ವರ್ಷ ಬೇಸ್‌ಬಾಲ್ ಬರೆದ ಜೇಸನ್ ಸ್ಟಾರ್ಕ್ ಇಎಸ್‌ಪಿಎನ್‌ಗೆ ಹೋದರು. ಇವರ ಹೆಸರನ್ನು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಇನ್ನೆರಡು ಸಲ ಬರುತ್ತಾರೆ. 2003ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಬಸ್ಟರ್ ಓಲ್ನಿ ಹೋದರು. ಟೈಮ್ಸ್ ಬಿಟ್ಟು ವೆಬ್‌ಗೆ ಹೋಗುವುದೆಂದರೆ ಸರ್ಕಾರಿ ನೌಕರಿ ಬಿಟ್ಟು ಚೀಟಿ ಕಂಪನಿ ಸೇರಿದ ಹಾಗೆ ಕಾಣುತ್ತಿದ್ದ ಕಾಲ ಅದು. ಅದಕ್ಕೆ ಕಾರಣವೂ ಇತ್ತು. ಡಾಟ್‌ಕಾಮ್ ಗುಳ್ಳೆ ಆಗಷ್ಟೇ ಒಡೆದು, ಎನ್‌ಬಿಸಿ ವಾಹಿನಿಯ ಒಲಿಂಪಿಕ್ಸ್ ತಾಣ ನಡೆಸಿದ್ದ ಕ್ವೋಕಾ ಎಂಬ ಕಂಪನಿ 2001ರಲ್ಲಿ ದಿವಾಳಿಯಾಗಿತ್ತು.

ಎಲ್ಲರೂ ಕರೆಸಿಕೊಂಡು ಹೋದವರಲ್ಲ, ಬೇಸತ್ತು ಹೊರಬಿದ್ದವರೂ ಇದ್ದರು. ಬಿಲ್ ಸಿಮನ್ಸ್ 'ಬಾಸ್ಟನ್ ಹೆರಾಲ್ಡ್'ನ ಕ್ರೀಡಾ ವಿಭಾಗದಲ್ಲಿ ಪ್ರೌಢಶಾಲಾ ಪಂದ್ಯಗಳ ಕೆಲಸಕ್ಕಿದ್ದ ಹುಡುಗ. ಮೇಲಿನವರು ನಿವೃತ್ತರಾಗದೆ ಅಂಕಣದ ಕುರ್ಚಿ ಖಾಲಿಯಾಗುವುದಿಲ್ಲ, ಅವರು ನಿವೃತ್ತರಾಗುವುದೂ ಇಲ್ಲ. ಕೆಲಸ ಬಿಟ್ಟರು, ಸ್ವಲ್ಪ ಕಾಲ ಬಾರ್‌ನಲ್ಲಿ ಗ್ಲಾಸು ತುಂಬಿಸಿದರು, 1997ರಲ್ಲಿ ಇಂಟರ್ನೆಟ್ ಕಂಪನಿ ಎಒಎಲ್‌ನ ಬಾಸ್ಟನ್ ನಗರ ತಾಣದಲ್ಲಿ ಪ್ರೆಸ್ ಬಾಕ್ಸ್‌ಗೆ ಕಾಲಿಡದ ಅಭಿಮಾನಿಯ ದನಿಯಲ್ಲಿ ಬರೆಯತೊಡಗಿದರು. 2001ರಲ್ಲಿ ಇಎಸ್‌ಪಿಎನ್ ಅವರನ್ನು ಕರೆಯಿತು. ಹತ್ತು ವರ್ಷದಲ್ಲಿ ಅವರಿಗಾಗಿಯೇ 'ಗ್ರಾಂಟ್‌ಲ್ಯಾಂಡ್' ಎಂಬ ತಾಣ ತೆರೆಯಿತು. 2015ರಲ್ಲಿ ಅವರನ್ನು ಬಿಟ್ಟಿತು, ಅದೇ ವರ್ಷ ತಾಣವನ್ನೂ ಮುಚ್ಚಿತು. ಪತ್ರಿಕೆಯೊಂದು ತನ್ನ ಹುಡುಗನೊಬ್ಬನಿಗೆ ವಾರಕ್ಕೊಂದು ಕಾಲಂ ಜಾಗ ಕೊಡದೆ ಕಳೆದುಕೊಂಡದ್ದೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಜಾಗದ ಮಾತು ಬಂತು. ಪತ್ರಿಕೆ ಬಿಟ್ಟವರಿಗೆ ವೆಬ್‌ನಲ್ಲಿ ಸಿಕ್ಕಿದ್ದು ಬರೀ ಜಾಗ, ಸಂಬಳವಲ್ಲ, ಗಡಿಯಾರದಿಂದ ಬಿಡುಗಡೆ. ಇದನ್ನು ಕ್ರೀಡಾ ಡೆಸ್ಕಿನಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. ನಾನು ಕೆಲಸ ಕಲಿತ ಕನ್ನಡ ಪತ್ರಿಕೆಯಲ್ಲಿ ದೂರದ ಜಿಲ್ಲೆಗಳಿಗೆ ಹೋಗುವ ಡಾಕ್ ಎಡಿಷನ್‌ನ ಪುಟವನ್ನು ಹಗಲು-ರಾತ್ರಿ ಪಂದ್ಯದ ಎರಡನೇ ಇನಿಂಗ್ಸ್ ನಡೆಯುತ್ತಿರುವಾಗಲೇ ಬಿಡಬೇಕಿತ್ತು. ಟಿವಿಯಲ್ಲಿ ಚೇಸಿಂಗ್ ಬಿಸಿಯೇರುತ್ತಿದ್ದರೆ ನಾವು 'ಭಾರತಕ್ಕೆ ಕಠಿಣ ಗುರಿ' ಎಂದು ಶೀರ್ಷಿಕೆ ಕಟ್ಟುತ್ತಿದ್ದೆವು. ಕೆಳಗೆ ಹೊರಟ ವ್ಯಾನಿನ ಸದ್ದು, ಮೇಲೆ ತೆಂಡೂಲ್ಕರ್ ಬೌಂಡರಿಯ ಸದ್ದು. ಒಮ್ಮೆ ಪುಟ ಬಿಟ್ಟ ಅರ್ಧ ಗಂಟೆಯಲ್ಲಿ ಪಂದ್ಯ ತಲೆಕೆಳಗಾಯಿತು. ಮರುದಿನ ಗಡಿ ತಾಲ್ಲೂಕಿನ ಓದುಗರೊಬ್ಬರು ಫೋನ್ ಮಾಡಿ, 'ಏನ್ ಸ್ವಾಮಿ, ನಿಮ್ಮ ಪೇಪರ್‌ನಲ್ಲಿ ಇನ್ನೂ ಬ್ಯಾಟಿಂಗ್ ಮಾಡ್ತಾನೇ ಇದಾರಲ್ಲ' ಅಂದರು. ಡಿಟಿಪಿಯವರು ಆ ಮಾತನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಮೇಲೆ ಅಂಟಿಸಿಕೊಂಡಿದ್ದರು.

ಅಮೆರಿಕದಲ್ಲಿ ಈ ಹಿಂಸೆ ನಿತ್ಯದ್ದು. ಪಶ್ಚಿಮ ಕರಾವಳಿಯ ರಾತ್ರಿ ಪಂದ್ಯ ಮುಗಿಯುವುದರೊಳಗೆ ಪೂರ್ವ ಕರಾವಳಿಯಲ್ಲಿ ಮಧ್ಯರಾತ್ರಿ ದಾಟಿ ಒಂದು ಗಂಟೆಯಾಗಿರುತ್ತದೆ. ಪಂದ್ಯ ನಡೆಯುತ್ತಿರುವಾಗಲೇ ವರದಿಯ ಅರ್ಧ ಭಾಗ ಬರೆದು, ಗೆದ್ದರೊಂದು ಸೋತರೊಂದು ಎಂದು ಎರಡು ಮೊದಲ ಪ್ಯಾರಾ ಸಿದ್ಧವಿಟ್ಟುಕೊಂಡು, ಕೊನೆಯ ಚೆಂಡಿಗೆ ಒಂದನ್ನು ಅಳಿಸಿ ಇನ್ನೊಂದನ್ನು ಕಳಿಸುವುದು ಒಂದೇ ತಂಡದ ಬೆನ್ನು ಹತ್ತಿ ಬರೆಯುವ ಅಲ್ಲಿನ ಬೀಟ್ ವರದಿಗಾರರ ನಿತ್ಯಕರ್ಮ. ವೆಬ್ ಅದನ್ನು ತೆಗೆದುಹಾಕಿತು, ಬದಲಿಗೆ ದಿನದ ಇಪ್ಪತ್ತನಾಲ್ಕು ಗಂಟೆಯನ್ನೂ ಡೆಡ್‌ಲೈನ್ ಮಾಡಿತು. ಅದು ಹೋದವರಿಗೆ ಆಮೇಲೆ ಗೊತ್ತಾಯಿತು.

ಹೋದವರಿಗೆ ಪ್ರೆಸ್ ಬಾಕ್ಸ್‌ನಲ್ಲಿ ಸುಲಭಕ್ಕೆ ಮರ್ಯಾದೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘ 1908ರಲ್ಲಿ ಹುಟ್ಟಿದ್ದು. ಅದರ ಕಾರ್ಡು ಕೊರಳಲ್ಲಿದ್ದರೆ ಮೈದಾನದ ಬಾಗಿಲು ತೆರೆಯುತ್ತದೆ, ವರ್ಷದ ಶ್ರೇಷ್ಠ ಆಟಗಾರನ ಆಯ್ಕೆಗೆ ಮತ ಸಿಗಬಹುದು, ಹತ್ತು ವರ್ಷ ಸದಸ್ಯನಾಗಿದ್ದರೆ ಹಾಲ್ ಆಫ್ ಫೇಮ್ ಆಯ್ಕೆಗೂ ಮತ ಸಿಗುತ್ತದೆ. ವೆಬ್‌ಗೆ ಮಾತ್ರ ಬರೆಯುವವರಿಗೆ ಆ ಸಂಘದ ಬಾಗಿಲು ತೆರೆದದ್ದು 2007ರ ಡಿಸೆಂಬರ್‌ನಲ್ಲಿ. 18 ಹೆಸರು ಮುಂದೆ ಬಂದವು, 16 ಒಪ್ಪಿಗೆಯಾದವು. ಬಿಟ್ಟ ಇಬ್ಬರು ಇಎಸ್‌ಪಿಎನ್ ತಾಣದ ರಾಬ್ ನೇಯರ್ ಮತ್ತು ಕೀತ್ ಲಾ. ಮೈದಾನಕ್ಕೆ ಬಂದು ಕೂತು ಬರೆಯುವವರಲ್ಲ ಎಂಬುದು ಆಕ್ಷೇಪ. ಅಂಕಿಅಂಶಗಳಿಂದ ಆಟವನ್ನು ಓದುವ ಹೊಸ ಬಗೆಯ ಬರವಣಿಗೆಯಲ್ಲಿ ಆಗ ಈ ಇಬ್ಬರಷ್ಟು ಹೆಸರಿದ್ದವರು ವಿರಳ. ಒಂದು ವರ್ಷ ಕಾಯಿಸಿ 2008ರ ಡಿಸೆಂಬರ್‌ನಲ್ಲಿ ಅವರನ್ನೂ ಸೇರಿಸಿಕೊಂಡರು. ಅಷ್ಟರಲ್ಲಿ ಸದಸ್ಯರನ್ನು ಕಳಿಸುತ್ತಿದ್ದ ಪತ್ರಿಕೆಗಳೇ ಒಂದೊಂದಾಗಿ ನೆಲ ಕಚ್ಚುತ್ತಿದ್ದವು. ಮಡಿವಂತಿಕೆ ಬಿಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೇ.

ಇದೇ ವರ್ಷಗಳಲ್ಲಿ ಯಾಹೂ ಸ್ಪೋರ್ಟ್ಸ್ ಸದ್ದಿಲ್ಲದೆ ಒಂದು ನ್ಯೂಸ್‌ರೂಮ್ ಕಟ್ಟಿತ್ತು. 'ಕಾನ್ಸಾಸ್ ಸಿಟಿ ಸ್ಟಾರ್'ನಿಂದ 2006ರಲ್ಲಿ ಜೆಫ್ ಪಾಸನ್, ನ್ಯೂಜೆರ್ಸಿಯ 'ದ ರೆಕಾರ್ಡ್'ನಿಂದ 2007ರಲ್ಲಿ ಏಡ್ರಿಯನ್ ವೊಜ್ನಾರೌಸ್ಕಿ, ಹೀಗೆ ಒಬ್ಬೊಬ್ಬರನ್ನೇ ಆರಿಸಿ ತಂದರು. ಜನ ಆಗಿನ್ನೂ ಯಾಹೂ ಎಂದರೆ ಇಮೇಲ್ ಎಂದುಕೊಂಡಿದ್ದರು. 2006ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ರಾಬಿನ್ಸನ್ ಮತ್ತು ಜೇಸನ್ ಕೋಲ್ ಎಂಬ ಇಬ್ಬರು ವರದಿಗಾರರು ಅಲ್ಲಿ ಒಂದು ತನಿಖಾ ವರದಿ ಬರೆದರು. ಕಾಲೇಜು ಫುಟ್‌ಬಾಲಿನ ದೊಡ್ಡ ತಾರೆ ರೆಜಿ ಬುಷ್ ಮತ್ತು ಅವರ ಮನೆಯವರು ನಿಯಮ ಮೀರಿ ಹಣ, ಸವಲತ್ತು ಪಡೆದಿದ್ದರು ಎಂಬುದು ಅದರ ಸಾರ. ನಾಲ್ಕು ವರ್ಷ ವಿಚಾರಣೆ ನಡೆದು, 2010ರಲ್ಲಿ ಬುಷ್ ಆಡಿದ್ದ, ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಶಿಕ್ಷೆಯಾಯಿತು, ಬುಷ್ ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿಯನ್ನೇ ಬಿಟ್ಟುಕೊಡಬೇಕಾಯಿತು. 2024ರಲ್ಲಿ ಅದನ್ನು ವಾಪಸು ಕೊಟ್ಟರು, ಅಷ್ಟರಲ್ಲಿ ಕಾಲೇಜು ಆಟಗಾರರು ಹಣ ಪಡೆಯುವುದೇ ನಿಯಮಬದ್ಧವಾಗಿತ್ತು. ಲಾಸ್ ಏಂಜಲೀಸ್‌ನ ಪತ್ರಿಕೆಯ ಅಂಗಳದಲ್ಲೇ ಇದ್ದ ಸುದ್ದಿಯನ್ನು ಇಮೇಲ್ ಕಂಪನಿಯೊಂದು ಅಗೆದು ತೆಗೆಯಿತು. ವೆಬ್ ಎಂದರೆ ಬರೀ ಹರಟೆ ಎನ್ನುತ್ತಿದ್ದವರ ಬಾಯಿ ಅಲ್ಲಿಗೆ ಕಟ್ಟಿತು.

ಹೀಗೆ 2008ರ ಆಗಸ್ಟ್‌ಗೆ ಬರುತ್ತೇವೆ. ಮಾರಿಯಾಟಿ ಕೊನೆಗೆ ಸೇರಿದ್ದು ಎಒಎಲ್‌ನ 'ಫ್ಯಾನ್‌ಹೌಸ್'. 2006ರಲ್ಲಿ ಬ್ಲಾಗುಗಳ ಗುಂಪಾಗಿ ಶುರುವಾಗಿದ್ದ ತಾಣ, ಈಗ ಪತ್ರಿಕೆಯ ಹಳಬರನ್ನು ಕರೆದು ದೊಡ್ಡ ಮನೆಯಾಗಲು ಹೊರಟಿತ್ತು. 'ಡಲ್ಲಾಸ್ ಮಾರ್ನಿಂಗ್ ನ್ಯೂಸ್' ಬಿಟ್ಟಿದ್ದ ಕೆವಿನ್ ಬ್ಲ್ಯಾಕಿಸ್ಟನ್ ಅಲ್ಲಿದ್ದರು. 'ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್'ನಲ್ಲಿ ಕಾಲು ಶತಮಾನ ಬರೆದ ಟೆರೆನ್ಸ್ ಮೂರ್ ಬಂದರು, ನ್ಯೂಯಾರ್ಕ್ 'ಡೈಲಿ ನ್ಯೂಸ್'ನ ಲೀಸಾ ಓಲ್ಸನ್ ಬಂದರು. ಅತ್ತ ಇಎಸ್‌ಪಿಎನ್ ಊರೂರಿಗೂ ಒಂದೊಂದು ತಾಣ ತೆರೆಯಲು ಹೊರಟು, ಮೊದಲಿಗೆ ಹಿಡಿದದ್ದು 2009ರ ಏಪ್ರಿಲ್‌ನಲ್ಲಿ ಶಿಕಾಗೊವನ್ನೇ. ಕೆಲವೇ ತಿಂಗಳಲ್ಲಿ ಅದು ಓದುಗರ ಲೆಕ್ಕದಲ್ಲಿ ಟ್ರಿಬ್ಯೂನಿನ ಕ್ರೀಡಾ ತಾಣವನ್ನು ಹಿಂದೆ ಹಾಕಿತು. ಆಮೇಲೆ ಬಾಸ್ಟನ್, ಡಲ್ಲಾಸ್, ಲಾಸ್ ಏಂಜಲೀಸ್, ನ್ಯೂಯಾರ್ಕ್. 'ಬಾಸ್ಟನ್ ಗ್ಲೋಬ್'ನಿಂದ ಮೈಕ್ ರೀಸ್, ಡಲ್ಲಾಸ್‌ನಿಂದ ಟಿಮ್ ಮೆಕ್‌ಮೇಹನ್ ಮತ್ತು ಕ್ಯಾಲ್ವಿನ್ ವಾಟ್ಕಿನ್ಸ್, ಹೀಗೆ ಬೀಟ್ ವರದಿಗಾರರು ಸಾಲಾಗಿ ಎದ್ದರು. ಅದೇ ಪ್ರೆಸ್ ಬಾಕ್ಸ್, ಅದೇ ಆಟಗಾರರ ಫೋನ್ ನಂಬರು. ಬದಲಾದದ್ದು ಸಂಬಳ ಕೊಡುವವರು ಮಾತ್ರ.

ಮತ್ತು ಫ್ಯಾನ್‌ಹೌಸ್? 2011ರ ಜನವರಿಯಲ್ಲಿ ಎಒಎಲ್ ಆ ಮನೆಯ ಬೀಗದ ಕೈಯನ್ನು 'ಸ್ಪೋರ್ಟಿಂಗ್ ನ್ಯೂಸ್'ಗೆ ಕೊಟ್ಟುಬಿಟ್ಟಿತು. ಒಳಗಿದ್ದ ಬಹುತೇಕರ ಕೆಲಸ ಹೋಯಿತು. ಸ್ಪೋರ್ಟಿಂಗ್ ನ್ಯೂಸ್ ಎಂದರೆ 1886ರಲ್ಲಿ ಹುಟ್ಟಿದ, ಆಗಿನ್ನೂ ಕಾಗದದ ಮೇಲೆ ಅಚ್ಚಾಗುತ್ತಿದ್ದ ಪತ್ರಿಕೆ! ಮುಂದಿನ ತಿಂಗಳೇ ಎಒಎಲ್ 31.5 ಕೋಟಿ ಡಾಲರ್ ಕೊಟ್ಟು ಹಫಿಂಗ್ಟನ್ ಪೋಸ್ಟ್ ಸುದ್ದಿತಾಣ ಕೊಳ್ಳಲು ಒಪ್ಪಿತು. ಹಣ ಇರಲಿಲ್ಲ ಎಂದಲ್ಲ, ಕ್ರೀಡೆಯ ಮೇಲಿನ ಮನಸ್ಸು ಹೋಗಿತ್ತು. ನಷ್ಟದಲ್ಲಿರುವ ಪತ್ರಿಕೆಯ ಮಾಲೀಕನಾದರೂ ಊರಿನ ಮುಖ ನೋಡಿ ನಾಲ್ಕು ದಿನ ತಡೆಯುತ್ತಾನೆ.

ನಮ್ಮ ಕಡೆಗೆ ಒಮ್ಮೆ ತಿರುಗಿ ನೋಡಿದರೆ, ಕ್ರಿಕೆಟ್‌ನಲ್ಲಿ ಈ ಕಥೆ ತಿರುಗುಮುರುಗಾಗಿ ನಡೆಯಿತು. 1993ರಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಎಂಬ ಬ್ರಿಟಿಷ್ ಸಂಶೋಧಕ ಕ್ರಿಕ್‌ಇನ್ಫೊ ಶುರು ಮಾಡಿದಾಗ ಅದರಲ್ಲಿ ಪತ್ರಕರ್ತರೇ ಇರಲಿಲ್ಲ. ಊರು ಬಿಟ್ಟು ಬಂದು ಸ್ಕೋರ್‌ಗೆ ಹಪಹಪಿಸುತ್ತಿದ್ದ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಟೈಪು ಮಾಡಿ ಕಳಿಸುತ್ತಿದ್ದರು. ಓದುಗರೇ ಕಟ್ಟಿದ ಮನೆಗೆ ಪತ್ರಕರ್ತರು ಆಮೇಲೆ ಬಂದರು. ಅದನ್ನು 2003ರಲ್ಲಿ ವಿಸ್ಡನ್, 2007ರಲ್ಲಿ ಇಎಸ್‌ಪಿಎನ್ ಕೊಂಡವು. ಬೆಂಗಳೂರಿನಲ್ಲೇ ಬೆಳೆದ ಕ್ರಿಕ್‌ಬಜ್‌ನದ್ದೂ ಅದೇ ದಾರಿ: ಮೊದಲು ಚೆಂಡಿನಿಂದ ಚೆಂಡಿಗೆ ಸ್ಕೋರು, ಆಮೇಲೆ ಬರಹಗಾರರು. 'ಡೆಕ್ಕನ್ ಹೆರಾಲ್ಡ್'ನಲ್ಲಿ ಬಹುಕಾಲ ಕ್ರಿಕೆಟ್ ಬರೆದ ಆರ್. ಕೌಶಿಕ್ ಬೆಂಗಳೂರಿನಿಂದ ನಡೆಯುತ್ತಿದ್ದ ವಿಸ್ಡನ್ ಇಂಡಿಯಾ ತಾಣ ಸೇರಿದ್ದು ನಮ್ಮ ಡೆಸ್ಕುಗಳಲ್ಲಿ ಆಗ ದೊಡ್ಡ ಸುದ್ದಿ. ಆ ತಾಣ ಆ ರೂಪದಲ್ಲಿ ಈಗಿಲ್ಲ. ಕನ್ನಡದ ಕ್ರೀಡಾ ವರದಿಗಾರರಿಗೆ ಇಂಥ ಕರೆ ಬಂದದ್ದು ಕಡಿಮೆ. ಬಂದಾಗಲೂ ಬರೆಯುವುದಕ್ಕಿಂತ ಇಂಗ್ಲಿಷಿನಿಂದ ಅನುವಾದಿಸುವ ಕೆಲಸಕ್ಕೇ ಹೆಚ್ಚು.

ಅಮೆರಿಕದಲ್ಲಿ ಎರಡನೇ ಅಲೆ ಎದ್ದದ್ದು 2016ರ ಜನವರಿಯಲ್ಲಿ, ಮತ್ತೆ ಶಿಕಾಗೊದಿಂದಲೇ. ಅಲೆಕ್ಸ್ ಮಾಥರ್ ಮತ್ತು ಆಡಮ್ ಹ್ಯಾನ್ಸ್‌ಮನ್ ಓಟ-ಸೈಕಲ್ಲಿನ ಲೆಕ್ಕವಿಡುವ ಸ್ಟ್ರಾವಾ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಅವರು ತೆರೆದ 'ದ ಅಥ್ಲೆಟಿಕ್'ನಲ್ಲಿ ಆಗ ಜಾಹೀರಾತು ಇರಲಿಲ್ಲ, ಚಂದಾ ಕೊಟ್ಟವರಿಗಷ್ಟೇ ಓದು. ಶಿಕಾಗೊದ ಸಂಪಾದಕರಾಗಿ ಬಂದದ್ದು ಇಎಸ್‌ಪಿಎನ್‌ನ ನಗರ ತಾಣದಲ್ಲಿದ್ದ ಜಾನ್ ಗ್ರೀನ್‌ಬರ್ಗ್. ಆ ನಗರ ತಾಣಗಳ ಮೇಲೂ ಅಷ್ಟರಲ್ಲಿ ಇಎಸ್‌ಪಿಎನ್‌ಗೆ ಆಸಕ್ತಿ ಇಳಿದಿತ್ತು. 2017ರ ಏಪ್ರಿಲ್‌ನಲ್ಲಿ ಇಎಸ್‌ಪಿಎನ್ ಒಂದೇ ಸಲಕ್ಕೆ ಸುಮಾರು ನೂರು ಜನರನ್ನು ಕೆಲಸದಿಂದ ತೆಗೆಯಿತು. ಆ ಪಟ್ಟಿಯಲ್ಲಿ ಜೇಸನ್ ಸ್ಟಾರ್ಕ್ ಇದ್ದರು, ಹದಿನೇಳು ವರ್ಷದ ನಂತರ. ಅದೇ ವರ್ಷ ಫಾಕ್ಸ್ ಸ್ಪೋರ್ಟ್ಸ್ ತನ್ನ ತಾಣದಲ್ಲಿ ಬರವಣಿಗೆಯನ್ನೇ ನಿಲ್ಲಿಸಿ ವಿಡಿಯೊ ಮಾತ್ರ ಎಂದಿತು. ಅಲ್ಲಿನ ಪ್ರಸಿದ್ಧ ಬೇಸ್‌ಬಾಲ್ ಬರಹಗಾರ ಕೆನ್ ರೋಸೆಂಥಾಲ್ ಕೆಲಕಾಲ ಫೇಸ್‌ಬುಕ್ಕಿನ ತಮ್ಮ ಪುಟದಲ್ಲೇ ಸುದ್ದಿ ಬರೆದರು. ಮನೆ ಮಠ ಕಳೆದುಕೊಂಡ ಇವರನ್ನೆಲ್ಲ ಅಥ್ಲೆಟಿಕ್ ಒಳಗೆ ಕರೆಯಿತು.

ಊರಿನ ಪತ್ರಿಕೆಗಳ ಬೀಟ್ ವರದಿಗಾರರನ್ನೂ ಕರೆಯಿತು. ಆಕ್ರನ್‌ನಿಂದ ಜೇಸನ್ ಲಾಯ್ಡ್, ಸ್ಯಾನ್‌ಹೋಸೆಯಿಂದ ಟಿಮ್ ಕವಕಾಮಿ, ಮಾರ್ಕಸ್ ಥಾಂಪ್ಸನ್. 2017ರ ಅಕ್ಟೋಬರ್‌ನಲ್ಲಿ ಮಾಥರ್ ತಮ್ಮ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಊರೂರಿನ ಪತ್ರಿಕೆಗಳು ರಕ್ತ ಸುರಿಸಿ ಸಾಯುವವರೆಗೆ ಕಾಯುತ್ತೇವೆ, ಅಷ್ಟರೊಳಗೆ ಅವರ ಒಳ್ಳೊಳ್ಳೆಯವರನ್ನೆಲ್ಲ ಹೀರಿಕೊಳ್ಳುತ್ತೇವೆ, ಕೊನೆಗೆ ನಿಂತಿರುವುದು ನಾವೊಬ್ಬರೇ ಎಂಬುದು ಆ ಮಾತಿನ ತಾತ್ಪರ್ಯ. ಗದ್ದಲವಾಯಿತು, ಕ್ಷಮೆ ಕೇಳಿದರು. ಆ ಮಾತು ಅಚ್ಚಾದದ್ದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಅದರ ಕ್ರೀಡಾ ವಿಭಾಗದ ಕೆವಿನ್ ಡ್ರೇಪರ್ ಬರೆದ ವರದಿಯಲ್ಲಿ.

2019ರ ಆಗಸ್ಟ್‌ನಲ್ಲಿ ಅಥ್ಲೆಟಿಕ್ ಸಮುದ್ರ ದಾಟಿತು. ಇಂಗ್ಲೆಂಡಿನ ಫುಟ್‌ಬಾಲ್ ಋತು ಶುರುವಾಗುವ ಹೊತ್ತಿಗೆ 'ಗಾರ್ಡಿಯನ್'ನ ಡೇನಿಯಲ್ ಟೇಲರ್, ಲಂಡನ್ನಿನ 'ಟೈಮ್ಸ್'ನ ಆಲಿವರ್ ಕೇ ಮತ್ತು ಜಾರ್ಜ್ ಕಾಲ್ಕಿನ್ ಒಟ್ಟಿಗೆ ಬಂದಿದ್ದರು, ಬಿಬಿಸಿಯ ಡೇವಿಡ್ ಓರ್ನ್‌ಸ್ಟೈನ್ ಕೂಡ ಸೇರಿದರು. ಇವರು ಹೋದದ್ದು ಆ ದೊಡ್ಡ ಸಂಸ್ಥೆಗಳಿಗೆ ಅಷ್ಟಾಗಿ ತಟ್ಟಲಿಲ್ಲ. ತಟ್ಟಿದ್ದು 'ಲಿವರ್‌ಪೂಲ್ ಎಕೋ'ದ ಜೇಮ್ಸ್ ಪಿಯರ್ಸ್, 'ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್'ನ ಫಿಲ್ ಹೇ ಅಂಥವರು ಎದ್ದಾಗ. ಲೀಡ್ಸ್ ಊರಿನಲ್ಲಿ ಫುಟ್‌ಬಾಲ್ ತಂಡದ ಸುದ್ದಿ ಎಂದರೆ ಫಿಲ್ ಹೇ. ಅವರ ಜೊತೆಗೆ ಊರಿನ ಪತ್ರಿಕೆಯನ್ನು ಕೊಳ್ಳುವ ಕಾರಣವೂ ಎದ್ದು ಹೋಯಿತು.

ಕೊನೆಗೆ ಅಥ್ಲೆಟಿಕ್ ಪತ್ರಿಕೆಗಳನ್ನು ನುಂಗಿತೇ? 2022ರ ಜನವರಿ 6ರಂದು ನ್ಯೂಯಾರ್ಕ್ ಟೈಮ್ಸ್ ಅದನ್ನು 55 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅಥ್ಲೆಟಿಕ್ ಬಳಿ ಆಗ ಸುಮಾರು 12 ಲಕ್ಷ ಚಂದಾದಾರರಿದ್ದರು, ಲಾಭ ಇರಲಿಲ್ಲ. ಪತ್ರಿಕೆ ಬಿಟ್ಟು ಬಂದವರು ಬೆಳಗಾಗುವುದರಲ್ಲಿ ಪತ್ರಿಕೆಯೊಂದರ ಆಳುಗಳಾಗಿದ್ದರು. ಇನ್‌ಕ್ವೈರರ್‌ನಿಂದ ಹೊರಟು, ಇಎಸ್‌ಪಿಎನ್ ಸುತ್ತಿ, 2018ರಲ್ಲಿ ಅಥ್ಲೆಟಿಕ್ ಸೇರಿದ್ದ ಜೇಸನ್ ಸ್ಟಾರ್ಕ್ ಕೂಡ.

ನಿಜವಾದ ಪೆಟ್ಟು ಬಿದ್ದದ್ದು ಯಾರಿಗೆ ನೋಡಿ. 2023ರ ಜುಲೈ 10ರಂದು ಟೈಮ್ಸ್ ತನ್ನದೇ ಕ್ರೀಡಾ ವಿಭಾಗವನ್ನು ಮುಚ್ಚುವುದಾಗಿ ಹೇಳಿತು. ಆರ್ಥರ್ ಡೇಲಿ, ರೆಡ್ ಸ್ಮಿತ್, ಡೇವ್ ಆಂಡರ್ಸನ್ ಎಂಬ ಮೂವರು ಕ್ರೀಡಾ ಅಂಕಣಕಾರರು ಪುಲಿಟ್ಜರ್ ತಂದ ವಿಭಾಗ. ಅಲ್ಲಿದ್ದ ಮೂವತ್ತೈದಕ್ಕೂ ಹೆಚ್ಚು ಪತ್ರಕರ್ತರನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿದರು. ಕ್ರೀಡಾ ಪುಟಕ್ಕೆ ಇನ್ನು ಅಥ್ಲೆಟಿಕ್ ಬರೆಯುತ್ತದೆ ಎಂದರು. ಅಥ್ಲೆಟಿಕ್‌ನವರು ನೌಕರರ ಸಂಘದಲ್ಲಿ ಇರಲಿಲ್ಲ, ಟೈಮ್ಸ್‌ನವರು ಇದ್ದರು. ಸಂಘ ಇದು ಬೇರೇನಲ್ಲ, ನಮ್ಮ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟದ್ದು ಎಂದು ತಕರಾರು ಹೂಡಿತು. ಮಾಥರ್ ಮಾತನ್ನು ಲೋಕಕ್ಕೆ ತಿಳಿಸಿದ ಡೆಸ್ಕು ಆರು ವರ್ಷದೊಳಗೆ ಮಾಥರ್ ಕಟ್ಟಿದ ಮನೆಗೆ ಜಾಗ ಬಿಟ್ಟುಕೊಟ್ಟಿತು. ಅದೇ ತಿಂಗಳು 'ಲಾಸ್ ಏಂಜಲೀಸ್ ಟೈಮ್ಸ್' ಅಚ್ಚಿನ ವೇಳೆ ಮುಂಚಿತವಾದ್ದರಿಂದ ಇನ್ನು ಹಿಂದಿನ ರಾತ್ರಿಯ ಪಂದ್ಯದ ವರದಿ, ಸ್ಕೋರ್ ಪಟ್ಟಿಗಳನ್ನು ಕಾಗದದಲ್ಲಿ ಹಾಕುವುದಿಲ್ಲ ಎಂದಿತು. ನಮ್ಮ ಡಾಕ್ ಎಡಿಷನ್‌ನ ಕಥೆ ಅಷ್ಟು ದೊಡ್ಡ ಊರಿನ ಇಡೀ ಪತ್ರಿಕೆಗೆ ಬಂತು.

ಈ ಮೂವತ್ತು ವರ್ಷದಲ್ಲಿ ಕರೆ ಬಂದವರ ಹೆಸರನ್ನೇ ಇಲ್ಲಿಯವರೆಗೆ ಹೇಳಿದ್ದೇನೆ. ಕರೆ ಬರದವರೂ ಇದ್ದರು. ಅಮೆರಿಕದ ಊರ ಪತ್ರಿಕೆಗಳಲ್ಲಿ ಶುಕ್ರವಾರ ರಾತ್ರಿ ಎಂದರೆ ಪ್ರೌಢಶಾಲಾ ಫುಟ್‌ಬಾಲ್. ಕೋಚ್‌ಗಳು ಪಂದ್ಯ ಮುಗಿಸಿ ಒಬ್ಬರ ಹಿಂದೊಬ್ಬರು ಫೋನ್ ಮಾಡುತ್ತಾರೆ, ಡೆಸ್ಕಿನಲ್ಲಿ ನಾಲ್ಕಾರು ಹುಡುಗರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೆಸರು, ಅಂಕ, ಹೆಸರಿನ ಸ್ಪೆಲಿಂಗು ಕೇಳಿ ಟೈಪು ಮಾಡುತ್ತಾರೆ. ಸಿಮನ್ಸ್ ಶುರು ಮಾಡಿದ್ದೂ ಇಂಥ ಕಡೆಯಿಂದಲೇ. ನಮ್ಮಲ್ಲೂ ಇತ್ತು: ಅಂತರ ಪ್ರೌಢಶಾಲಾ ಖೊಖೊ ಫಲಿತಾಂಶವನ್ನು ಪಿಟಿ ಮೇಷ್ಟ್ರು ಹಾಳೆಯಲ್ಲಿ ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಕೆಳಗೆ 'ದಯಮಾಡಿ ಎಲ್ಲ ಹುಡುಗಿಯರ ಹೆಸರು ಹಾಕಿ' ಎಂದಿರುತ್ತಿತ್ತು. ಆ ಸಣ್ಣ ಅಕ್ಷರದ ಪಟ್ಟಿ ಬರೆಯುವವನನ್ನು ಎಒಎಲ್ ಕರೆಯಲಿಲ್ಲ, ಯಾಹೂ ಕರೆಯಲಿಲ್ಲ, ಅಥ್ಲೆಟಿಕ್ ಕರೆಯಲಿಲ್ಲ. ದೊಡ್ಡ ಹೆಸರು ಎದ್ದು ಹೋದ ಮೇಲೆ ಅವನ ಮೇಜನ್ನೂ ತೆಗೆದರು. ಪತ್ರಿಕೆಗಳು ಕಳೆದುಕೊಂಡದ್ದರಲ್ಲಿ ಮಾರಿಯಾಟಿಗಿಂತ ಇವನೇ ದೊಡ್ಡ ನಷ್ಟ ಎಂದು ನನ್ನ ಲೆಕ್ಕ.

ಹೋದವರಲ್ಲಿ ಎಲ್ಲರಿಗಿಂತ ಮೇಲೇರಿದ ವೊಜ್ನಾರೌಸ್ಕಿ ಯಾಹೂನಿಂದ 2017ರಲ್ಲಿ ಇಎಸ್‌ಪಿಎನ್‌ಗೆ ಹೋಗಿ, 2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೋದ್ಯಮವನ್ನೇ ಬಿಟ್ಟು ತಾವು ಓದಿದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆದರು. 'ಅರೌಂಡ್ ದ ಹಾರ್ನ್' 2025ರ ಮೇ 23ಕ್ಕೆ ನಿಂತಿತು. ಮಾರಿಯಾಟಿಯನ್ನು ಇಲಿ ಎಂದ ಈಬರ್ಟ್ 2006ರ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಂಡಿದ್ದವರು. ಆಮೇಲೆ ಅವರು ಮಾತಾಡಿದ್ದೆಲ್ಲ ಬ್ಲಾಗ್‌ನಲ್ಲಿ, ಟ್ವಿಟರ್‌ನಲ್ಲಿ. ಸನ್-ಟೈಮ್ಸ್‌ನ ಯಾರಿಗೂ ಇಂಟರ್ನೆಟ್ ಅಷ್ಟು ಒಲಿದಿರಲಿಲ್ಲ. ಆದರೂ 2013ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆ ಬಿಡಲಿಲ್ಲ.

ಸನ್-ಟೈಮ್ಸ್ 2022ರಲ್ಲಿ ಶಿಕಾಗೊದ ಸಾರ್ವಜನಿಕ ರೇಡಿಯೊ ಸಂಸ್ಥೆಯ ಕೈಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಐವರಲ್ಲಿ ಒಬ್ಬರು ಪರಿಹಾರದ ಹಣ ಪಡೆದು ಹೊರಟರು. ಪತ್ರಿಕೆ ಮಾತ್ರ ಇನ್ನೂ ಅಚ್ಚಾಗುತ್ತಿದೆ. 1991ರಿಂದ 2008ರವರೆಗೆ ಮಾರಿಯಾಟಿ ಅದರಲ್ಲಿ ಬರೆದ ಅಂಕಣಗಳನ್ನು ಗ್ರಂಥಾಲಯದ ಮೈಕ್ರೋಫಿಲ್ಮ್‌ನಲ್ಲಿ ಈಗಲೂ ಓದಬಹುದು. ಫ್ಯಾನ್‌ಹೌಸ್‌ನಲ್ಲಿ ಬರೆದವನ್ನು ಹುಡುಕಲು ಆ ತಾಣ ಈಗಿಲ್ಲ.